ಕೈಗೆ ಒಗ್ಗಿದ ಚಾಕು

ಗಂಡನ ಬಲಗೈ ಮುರಿದ ಮೇಲೆ ಮೀನಂಗಡಿ ಅವಳ ಹೆಗಲಿಗೆ ಬಿತ್ತು. ಅವನ ಚಾಕು ಅವಳ ಹಿಡಿತಕ್ಕೆ ಭಾರ. ನಿನ್ನೆ ಅದರಲ್ಲಿ ಕೊಯ್ಯಲು ಹೋದಾಗ ಅರ್ಧ ಮಾಂಸ ಮುಳ್ಳಿಗೇ ಅಂಟಿಕೊಂಡು, ಗಿರಾಕಿಯೊಬ್ಬಳು ಮುಖ ಸಿಂಡರಿಸಿಕೊಂಡು ಹೊರಟುಹೋಗಿದ್ದಳು. ಆಗಿನಿಂದ ಇವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಚಾಕುವಿನ ಅಂಗಡಿಯಲ್ಲಿ ಒಂದನ್ನು ಎತ್ತಿದಳು, ಇಟ್ಟಳು, ಮತ್ತೆ ಅದನ್ನೇ ಎತ್ತಿದಳು. ಒಂದರ ಹಿಡಿ ಜಾರುತ್ತಿತ್ತು, ಇನ್ನೊಂದರ ಅಲಗು ಬಾಗುತ್ತಲೇ ಇರಲಿಲ್ಲ.

"ಅತ್ತಿಗೆ, ನಮ್ಮಣ್ಣನ್ನ ಒಪ್ಪೋಕೂ ನೀವು ಇಷ್ಟು ಹೊತ್ತು ತಗೊಳ್ಳಲಿಲ್ಲ," ಎಂದು ಜೊತೆಗೆ ಬಂದಿದ್ದ ನಾದಿನಿ ನಕ್ಕಳು.

"ಆಗ ಅವಸರ ಮಾಡಿದ್ದಕ್ಕೇ ಈಗ ನಿಧಾನವಾಗಿ ನೋಡ್ತಿರೋದು!" ಎಂದವಳೇ ಚೀಲದಿಂದ ಮೀನೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಅಯ್ಯೋ, ಇದೇನಮ್ಮಾ!" ಎಂದು ಅಂಗಡಿಯವನು ಹೌಹಾರಿದ. ಆದರೂ ಗೊಣಗುತ್ತಲೇ ಒಂದು ಹಲಗೆ ಕೊಟ್ಟ.

ತೆಳ್ಳಗೆ ಬಾಗುವ ಅಲಗಿನ ಚಾಕುವೊಂದು ಬೆನ್ನುಮೂಳೆಗೆ ಒರಗಿಕೊಂಡೇ ಬಾಲದವರೆಗೆ ಸಲೀಸಾಗಿ ಸರಿಯಿತು. ಹೋಳು ಇಡಿಯಾಗಿ ಬಿಟ್ಟುಕೊಂಡಿತು. ಅವಳಿಗೆ ನಂಬಿಕೆ ಬರಲಿಲ್ಲ. ಮೀನನ್ನು ಮಗುಚಿ ಇನ್ನೊಂದು ಬದಿಯನ್ನೂ ಕೊಯ್ದಳು. ಅದೂ ಹಾಗೆಯೇ ಬಂತು.

"ಇದನ್ನೇ ಕಟ್ಟಿಕೊಡಿ."

ಹೊರಗೆ ಬಂದದ್ದೇ ದಾಪುಗಾಲು ಹಾಕಿದಳು.

"ಅತ್ತಿಗೆ, ಮನೆ ಈ ಕಡೆ!"

"ಮನೆಗೆ ಆಮೇಲೆ ಹೋಗೋಣ. ಸಂತೆ ಮುಗಿಯೋದ್ರೊಳಗೆ ಅಂಗಡಿ ತೆಗೀಬೇಕು, ಬಾ."