ಟ್ರಂಕಿನ ತಳದ ಸೀರೆ

ರಾಚವ್ವ ಬಾಗಿಲಿಗೆ ಬಂದು ನಿಂತಾಗ ಕತ್ತರಿ ಇನ್ನೂ ವೈಶಾಲಿಯ ಕೈಯಲ್ಲೇ ಇತ್ತು. ನೆಲದ ಮೇಲೆ ಬಿದ್ದಿದ್ದ ಕೆಂಪು ಚೂರುಗಳನ್ನು ನೋಡಿದ್ದೇ ಮುದುಕಿ ಚೌಕಟ್ಟು ಹಿಡಿದುಕೊಂಡಳು.

"ನನ್ನ ಸೀರಿ... ಯಾರ ಕತ್ತರಿಸಿದ್ರಿ ಇದನ್ನ?"

ಮುಂಬಯಿಯ ಕುರ್ಲಾದ ಆ ಚಾಳಿನಲ್ಲಿ ವೈಶಾಲಿ ಭಾನುವಾರಕ್ಕೊಮ್ಮೆ ಮಕ್ಕಳನ್ನು ಕೂಡಿಸಿ ಚಿತ್ರಪುಸ್ತಕ ಓದುತ್ತಿದ್ದಳು; ಆಮೇಲೆ ಅದರಂತೆ ಕಾಗದ, ಬಟ್ಟೆ ಅಂಟಿಸಿ ಚಿತ್ರ ಮಾಡಿಸುತ್ತಿದ್ದಳು. ಈ ಸಲದ ಪುಸ್ತಕದಲ್ಲಿ ಗುಬ್ಬಿಯೊಂದು ಊರಿಗೆ ಹೊರಟಿತ್ತು. ಅದರ ರೆಕ್ಕೆ, ಮೋಡ, ದಾರಿ ಎಲ್ಲವೂ ಬಟ್ಟೆಯ ತುಂಡುಗಳವೇ. "ಮನ್ಯಾಗ ಯಾರೂ ಉಡದ ಬಟ್ಟಿ ಇದ್ರ ತರ್ರಿ" ಎಂದು ಅವಳೇ ಹೇಳಿ ಕಳಿಸಿದ್ದಳು.

ಉಳಿದವರು ಹರಿದ ಬನಿಯನ್, ದಿಂಬಿನ ಚೀಲ ತಂದಿದ್ದರು. ರಾಚವ್ವನ ಮೊಮ್ಮಗಳು ಸ್ನೇಹಲ್ ತಂದದ್ದು ಇಳಕಲ್ ಸೀರೆ. ಆ ಕೆಂಪು ಸೆರಗು ಕಂಡು ವೈಶಾಲಿಯ ಕಣ್ಣು ಅರಳಿತ್ತು. ಅಜ್ಜಿಯನ್ನು ಕೇಳಿದೆಯಾ ಎಂಬ ಒಂದು ಮಾತು ಆಗ ನೆನಪಾಗಲಿಲ್ಲ. ಮಕ್ಕಳ ಮೊಂಡು ಕತ್ತರಿಗೆ ಸೆರಗು ಜಗ್ಗದಿದ್ದಾಗ ತಾನೇ ಕುಳಿತು ಕತ್ತರಿಸಿಕೊಟ್ಟಿದ್ದಳು.

"ಅಜ್ಜಿ, ನೀ ಅದು ಕಭೀ ಉಡೋದೇ ಇಲ್ಲ ನಾ?" ಸ್ನೇಹಲ್ ಅಳುಮೋರೆ ಮಾಡಿದಳು. "ಟ್ರಂಕ್‌ನಲ್ಲೇ ಇತ್ತು. ಹಮೇಶಾ."

"ಉಡೂ ಸೀರಿ ಅಲ್ಲವ್ವಾ ಅದು." ರಾಚವ್ವ ಒಳಗೆ ಬಂದು ಚೂರುಗಳ ಪಕ್ಕ ಕುಳಿತಳು. "ನಾ ಸತ್ತ ದಿನ ನನ್ನ ಮ್ಯಾಲ ಹೊಚ್ಚೂ ಸೀರಿ. ತವರಮನಿಯಿಂದನ ಬರಬೇಕ ಅದು. ತಾ ಹ್ವಾದ ಮ್ಯಾಲ ಯಾರ ತರತಾರ ಅಂತ ನಮ್ಮಣ್ಣ ಇದ್ದಾಗನ ತಂದ ಕೊಟ್ಟಿದ್ದ. ಈಗ ಅಂವಾನೂ ಇಲ್ಲ. ಆ ಮನ್ಯಾಗ ದೀಪಾ ಹಚ್ಚಾವ್ರೂ ಇಲ್ಲ."

ವೈಶಾಲಿಯ ಅಜ್ಜಿ ಹೋದಾಗ, ಅಜ್ಜಿಯ ತವರು ಧಾರವಾಡದಿಂದ ಸೀರೆ ಬರಬೇಕೆಂದು ಹೊತ್ತು ಮುಳುಗುವವರೆಗೆ ಹೆಣವನ್ನು ಕಾಯಿಸಿದ್ದರು. ಹಸಿದಿದ್ದ ತಾನು ಎಲ್ಲರ ಮೇಲೂ ಸಿಡಿಮಿಡಿಗೊಂಡಿದ್ದು ಈಗ ನೆನಪಾಯಿತು. ಅದು ಯಾವ ಸೀರೆ ಎಂದು ಆಗ ಅವಳು ಕೇಳಿರಲಿಲ್ಲ.

"ತಪ್ಪಾತಜ್ಜಿ. ಇಂಥಾದ್ದ ಸೀರಿ ನಾ ತಂದ ಕೊಡ್ತೀನಿ."

"ನೀವ್ ನನಗ ಏನಾಗಬೇಕ್ರಿ ಅಕ್ಕೋರ?"

ಸಿಟ್ಟಿನಿಂದ ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ವೈಶಾಲಿ ಕತ್ತರಿಯನ್ನು ಕೆಳಗಿಟ್ಟಳು.

ಸ್ನೇಹಲ್ ಮೆಲ್ಲಗೆ ತನ್ನ ಚಿತ್ರವನ್ನು ಅಜ್ಜಿಯ ಮುಂದೆ ಸರಿಸಿದಳು. ಬೂದು ಕಾಗದದ ಲೋಕಲ್ ಟ್ರೇನು. ಅದರ ಕಿಟಕಿಯಲ್ಲಿ ಒಬ್ಬಳು ಹೆಂಗಸು, ತಲೆ ತುಂಬ ಕೆಂಪು ಸೆರಗು.

"ಯಾರಿಕಿ?"

"ನೀನು."

"ಎಲ್ಲಿಗಿ ಹೊಂಟೀನಿ?"

"ನಿನ್ನ ಅಣ್ಣನ ಮನೆಗೆ. ನೀನೇ ಹೇಳ್ತಿ ನಾ, ಅಲ್ಲಿ ಹೋಗಬೇಕು ಅಂತ."

ರಾಚವ್ವ ಕೆಂಪು ತುಂಡಿನ ಅಂಚಿಗೆ ಬೆರಳಿಟ್ಟು ಒತ್ತಿ ನೋಡಿದಳು.

"ಅಂಟು ಗಟ್ಟಿ ಐತಿಲ್ರಿ? ಟ್ರಂಕನ್ಯಾಗ ಇಟ್ರ ಉದುರೂದಿಲ್ಲಲಾ?"

"ಗಟ್ಟಿ ಐತಜ್ಜಿ. ಆದ್ರ ಇನ್ನೂ ಹಸಿ ಐತಿ. ಈಗ ಮಡಚಬ್ಯಾಡ್ರಿ."

"ಆರಲಿ ತಗೋರಿ. ನನಗೇನ ಅವಸರಿಲ್ಲ."

ಸೆರಗಿಲ್ಲದ ಸೀರೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ಉಟ್ಟ ಸೀರೆಯ ಸೆರಗಿನಿಂದ ರಾಚವ್ವ ಚಿತ್ರಕ್ಕೆ ಗಾಳಿ ಹಾಕುತ್ತ ಕುಳಿತಳು.