ಬಸುರಿಯ ಗಂಡನ ಗಡ್ಡ

ಪಂಜದ ಮುರಳಿಕೃಷ್ಣ ಭಟ್ಟನಿಗೆ ಸಿನಿಮಾದಲ್ಲಿ ಪಾತ್ರ ಸಿಕ್ಕಿದ್ದು ಅವನ ಹೆಂಡತಿ ತನ್ಮಯೀ ಬಸುರಿಯಾದ್ದರಿಂದ. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದೆಂಬುದು ಆ ಮನೆಯ ಕ್ರಮ. ಏಳು ತಿಂಗಳಾಗುವಷ್ಟರಲ್ಲಿ ಗಡ್ಡ ಎದೆಯತ್ತ ಹೊರಟಿತ್ತು.

ಮುಂಬೈಯ ಕಥೆಯನ್ನು ಕಡಿಮೆ ಖರ್ಚಿನಲ್ಲಿ ತೆಗೆಯಲೆಂದು ನಿರ್ದೇಶಕನೊಬ್ಬ ಪುತ್ತೂರಿನ ಹಳೇ ಲಾಡ್ಜು ಹಿಡಿದಿದ್ದ. ನಾಯಕನ ನೆರೆಮನೆಯ ಮುಸ್ಲಿಮನ ಪಾತ್ರಕ್ಕೆ ಅವನಿಗೊಬ್ಬ ಬೇಕಿತ್ತು. ಮುರಳಿ ತನ್ನ ಗೆಳೆಯ ಆದಂ ಕುಂಞಿಯನ್ನು ಕರೆದುಕೊಂಡು ಹೋದ. ಅಡಿಕೆ ವ್ಯಾಪಾರದ ಕುಂಞಿ, ತಾಳಮದ್ದಳೆಯಲ್ಲಿ ಮುರಳಿ ಅರ್ಥ ಹೇಳುವಾಗ ಮುಂದಿನ ಸಾಲಿನಲ್ಲಿ ಕೂತು, ಮುಗಿದ ಮೇಲೆ ಮುಲಾಜಿಲ್ಲದೆ ತಪ್ಪು ತೋರಿಸುವವನು. ಅವನ ಬಾಯಲ್ಲಿ "ಲಾಯ್ಕಾಯ್ತು" ಎಂದು ಬಂದರೆ ಮುರಳಿಗೆ ಪ್ರಶಸ್ತಿ ಬಂದಂತೆ.

ನಿರ್ದೇಶಕ ಕುಂಞಿಯ ನುಣ್ಣನೆ ಕೆನ್ನೆ, ಚೌಕುಳಿ ಶರ್ಟು ನೋಡಿ ತಲೆಯಾಡಿಸಿದ. "ಇವ್ರು ಮುಸ್ಲಿಂ ತರ ಕಾಣಲ್ಲ."

"ಐದು ಹೊತ್ತು ನಮಾಜು ಮಾಡುದು ನಾನು ಮಾರಾಯ್ರೆ!"

"ಅದು ಕ್ಯಾಮೆರಾಗೆ ಗೊತ್ತಾಗಲ್ಲ ಸಾರ್."

ಕ್ಯಾಮೆರಾಕ್ಕೆ ಗೊತ್ತಾದದ್ದು ಭಟ್ಟನ ಗಡ್ಡ. ಅದಕ್ಕೊಂದು ಟೊಪ್ಪಿ, ಕಣ್ಣಿಗೆ ಸುರುಮ, ಜನಿವಾರ ಕಾಣದಂತೆ ಮೇಲಿನವರೆಗೆ ಗುಂಡಿ. ಆ ಸಿನಿಮಾದ ಮಹಾನಗರದಲ್ಲಿ ಹಿಂದೂ ಬಾಗಿಲು ತೆರೆದರೆ ಗಂಟೆ ಬಾರಿಸಬೇಕು, ಮುಸ್ಲಿಂ ತೆರೆದರೆ ಪಾರಿವಾಳ ಹಾರಬೇಕು. ಜಾತ್ಯತೀತ ನಾಯಕನಿಗೆ ಮಾತ್ರ ಬಾಗಿಲೇ ಇಲ್ಲ. ಅವನು ಸದಾ ಬಾಲ್ಕನಿಯಲ್ಲಿ ನಿಂತು ವಿಸ್ಕಿ ಕುಡಿಯುತ್ತ ದೇಶದ ಚಿಂತೆ ಮಾಡುತ್ತಾನೆ. ಕುಂಞಿ ಮೂಲೆಯಲ್ಲಿ ನಿಂತು ಎಲ್ಲ ನೋಡಿ ನಕ್ಕಿದ್ದೇ ನಕ್ಕಿದ್ದು.

ಮುರಳಿಗೆ ಹೇಳಿದ್ದು ಇಷ್ಟೇ: ತರಕಾರಿ ಚೀಲ ಹಿಡಿದು ಬಾ, ಆಚೀಚೆ ನೋಡು, ಬಾಗಿಲು ಹಾಕಿಕೋ. ಅವನು ಜೀವ ತುಂಬಿ ಮಾಡಿದ.

ಮಗಳು ಹುಟ್ಟಿದಳು, ಗಡ್ಡ ಹೋಯಿತು, ಸಿನಿಮಾ ಬಂತು. ಮುರಳಿ ಕುಂಞಿಯ ಮನೆಯವರಿಗೆಲ್ಲ ಪುತ್ತೂರಿನ ಥಿಯೇಟರಿನಲ್ಲಿ ಟಿಕೆಟು ಮಾಡಿಸಿದ. ಪರದೆಯ ಮೇಲೆ ಮುರಳಿ ಆಚೀಚೆ ನೋಡಿದಾಗ ಎದೆ ನಡುಗಿಸುವ ಸಂಗೀತ ಬಂತು. ಚೀಲದಲ್ಲಿ ಬಾಂಬಿತ್ತು. "ಹಿಡೀರಿ ಅವ್ನನ್ನು!" ಎಂದು ಹಿಂದಿನಿಂದ ಯಾರೋ ಕೂಗಿದರು, ಶಿಳ್ಳೆ ಬಿತ್ತು. ಮುರಳಿ ನಾಚಿಕೆಯಿಂದ ಕುರ್ಚಿಯಲ್ಲಿ ಕುಗ್ಗಿಹೋದ.

ಹೊರಗೆ ಬಂದಾಗ ಪರಿಚಯದವರೊಬ್ಬರು ಬೆನ್ನು ತಟ್ಟಿದರು. "ಭಟ್ರೇ, ಸೂಪರ್! ಸಾಕ್ಷಾತ್ ಅವರ ಹಾಗೇ ಉಂಟು!"

ಪಕ್ಕದಲ್ಲಿದ್ದ ಕುಂಞಿಯನ್ನು ಅವರು ನೋಡಲಿಲ್ಲ. ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ.

"ಕುಂಞಿ, ಡೈರೆಕ್ಟರು ನನಗೆ ತರಕಾರಿ ಅಂತಲೇ ಹೇಳಿದ್ದು," ಎಂದ ಮುರಳಿ.

"ಗೊತ್ತುಂಟು, ನಾನೂ ಅಲ್ಲೇ ಇದ್ದೆ ಅಲ್ವಾ. ಆಕ್ಟಿಂಗು ಲಾಯ್ಕಾಯ್ತು." ಕುಂಞಿ ಚಪ್ಪಲಿಯ ತುದಿಯಿಂದ ನೆಲ ಕೆರೆದ. "ಒಂದು ಕೇಳುದು ಭಟ್ರೇ. ನನ್ನ ತಮ್ಮ ಹಿಶಾಮ್ ಮುಂಬೈಯಲ್ಲಿ ಎರಡು ತಿಂಗಳಿಂದ ಬಾಡಿಗೆ ಮನೆ ಹುಡುಕ್ತಾ ಇದ್ದಾನೆ. ಈ ಪಿಚ್ಚರು ಅಲ್ಲಿಯೂ ಬರ್ತದಾ?"