ಹಿಂದಿನ ಬಲ ಚಕ್ರ

ಅರಕಲಗೂಡಿನ ಮೆಕ್ಯಾನಿಕ್ ಸಿದ್ದೇಶ್ವರ ಶಿವೈಕ್ಯನಾದ ಸುದ್ದಿ ಶಾಂತಿಗ್ರಾಮಕ್ಕೆ ಬಂದದ್ದು ಸೋಮವಾರ ಬೆಳಿಗ್ಗೆ. ಪಾಲಾಕ್ಷಪ್ಪನವರು ಆಗ ಕೆರೆಯಲ್ಲಿ ಜೀಪಿಗೆ ಸ್ನಾನ ಮಾಡಿಸುತ್ತಿದ್ದರು. ಪ್ರತಿ ಸೋಮವಾರವೂ ಅದು ನಡೆಯಲೇಬೇಕು. ಚಕ್ರದ ನಡುವಿನ ಗುಂಬ ಮುಳುಗದಿದ್ದರೆ ಅದು ಸ್ನಾನವೇ ಅಲ್ಲ. ಮೂವತ್ತೆರಡು ವರ್ಷದ ಜೀಪು. ಅಷ್ಟೂ ವರ್ಷ ಅದಕ್ಕೆ ವೈದ್ಯ ಸಿದ್ದೇಶ್ವರನೇ.

ಫೋನು ಇಳಿಸಿ ಅವರು ನೀರಿನಲ್ಲೇ ನಿಂತುಬಿಟ್ಟರು. ಹನ್ನೆರಡಕ್ಕೆ ಮಣ್ಣಂತೆ. ಅಷ್ಟರೊಳಗೆ ಹೋಗಿ ಅವನ ತಲೆಯ ಮೇಲೊಂದು ಬಿಲ್ವಪತ್ರೆ ಇಡಬೇಕು. ಅಷ್ಟೂ ಆಗದಿದ್ದರೆ ಅದೆಂಥ ಸ್ನೇಹ?

ಆ ಜೀಪಿಗೆ ಭಕ್ತಿಯ ಕೊರತೆ ಎಂದೂ ಆಗಿರಲಿಲ್ಲ. ಹೋದ ವರ್ಷ ಹಿಂದಿನ ಬಲ ಚಕ್ರ ಗುಂಯ್‌ಗುಡತೊಡಗಿದಾಗ ಹೆಂಡತಿ ಬಸವಲಿಂಗಮ್ಮ ದೃಷ್ಟಿಯೆಂದು ಜೀಪಿನ ಮುಂದೆ ನಿಂಬೆಹಣ್ಣು ಕಟ್ಟಿದರು. ಸದ್ದು ಬರುವುದು ಹಿಂದಿನಿಂದ ಎಂದು ಭಾಮೈದ ಬಸವೇಶ ಪತ್ತೆ ಹಚ್ಚಿದ ಮೇಲೆ ಹಿಂದೆಯೂ ಒಂದು ಕಟ್ಟಿದರು. ಕಡೆಗೆ ಬೂದುಗುಂಬಳವನ್ನೂ ಒಡೆದಾಯಿತು.

ಸಿದ್ದೇಶ್ವರನದು ಒಂದೇ ಮಾತು. "ಅಣ್ಣಾ, ಕೆರೆ ನೀರು ಒಳಿಕ್ಕೋಗಿ ಗ್ರೀಸೆಲ್ಲ ತೊಳ್ಕೊಂಡೋಗೈತೆ. ಬೇರಿಂಗು ಸ್ನಾನ ಕೇಳಲ್ಲ, ಗ್ರೀಸು ಕೇಳ್ತದೆ. ಒಂದಿನ ಬುಟ್ಟೋಗಣ್ಣ, ಬದಲಾಯಿಸ್ಕೊಡ್ತೀನಿ."

"ಶ್ರಾವಣ ಕಳೀಲಿ ಇರ್ಲಾ."

ಶ್ರಾವಣ ಕಳೆದರೆ ಆಯುಧಪೂಜೆ, ಅದು ಕಳೆದರೆ ಕಾರ್ತಿಕ. ಜೀಪು ಬಿಚ್ಚಿಸಲು ಒಳ್ಳೆಯ ದಿನವೇ ಸಿಗಲಿಲ್ಲ.

ಈ ದಿನವೂ ರಾಹುಕಾಲ ಕಳೆದು, ಕರ್ಪೂರ ಬೆಳಗಿ ಮೂವರೂ ಜೀಪಿನಲ್ಲಿ ಹೊರಡುವಾಗ ಹತ್ತಾಯಿತು. ಗೊರೂರು ದಾಟುತ್ತಲೇ ಗುಂಯ್ ಎನ್ನುವುದು ಗರಗರ ಆಯಿತು.

"ರೋಡೇ ಅಂಗೈತೆ ಭಾವ, ನೀವು ಓಡ್ಸಿ," ಎಂದ ಬಸವೇಶ. ಬಸವಲಿಂಗಮ್ಮ ಸದ್ದು ಕೇಳದಷ್ಟು ಜೋರಾಗಿ 'ಓಂ ನಮಃ ಶಿವಾಯ' ಜಪಿಸಿದರು. ಚಕ್ರ ಕಿರ್ರೆಂದು ಕಚ್ಚಿಕೊಂಡು ಜೀಪು ರಸ್ತೆ ಬದಿಗೆ ನಿಂತಿತು. ಗುಂಬ ಮುಟ್ಟಿ ನೋಡಿದ ಬಸವೇಶ ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡ. ಗಂಟೆ ಹನ್ನೊಂದೂವರೆ.

ಇಂಥ ಹೊತ್ತಿನಲ್ಲಿ ಎಂದೂ ಮಾಡುವುದನ್ನೇ ಪಾಲಾಕ್ಷಪ್ಪನವರು ಮಾಡಿದರು. ಸಿದ್ದೇಶ್ವರನಿಗೆ ಫೋನು ಹಚ್ಚಿದರು. "ಸಿದ್ದಾ, ಗೊರೂರತ್ರ ಗಾಡಿ ಕೈಕೊಡ್ತು ಕಣ್ಲಾ, ಬಿರ್ನೆ ಬಾ..." ಎಂದ ಮೇಲೆಯೇ ನೆನಪಾಗಿ ನಾಲಿಗೆ ಕಚ್ಚಿಕೊಂಡರು.

ಫೋನು ಎತ್ತಿದವಳು ಅಪ್ಪನ ಜೊತೆ ಗ್ಯಾರೇಜು ನಡೆಸುತ್ತಿದ್ದ ಮಗಳು ಭವ್ಯಶ್ರೀ. ಅತ್ತು ಒಡೆದ ದನಿ. "ಹಿಂದಿನ ಬಲ ಚಕ್ರ ತಾನೇ, ದೊಡ್ಡಪ್ಪಾ?"

"ಊಂ ಕಣವ್ವಾ."

"ಹೊಸ ಬೇರಿಂಗು ತಂದು, ಡಬ್ಬದ ಮ್ಯಾಲೆ 'ಕೆರೆ ಪಾಲಾಕ್ಷಣ್ಣ' ಅಂತ ಬರ್ದು ಮಡಗವ್ರೆ ಅಪ್ಪ. ವರ್ಷಾಯ್ತು. ನೀವು ಸಿಕ್ಕಿದ್ ಗಾಡಿ ಅತ್ತಿ ಬನ್ನಿ. ನಿಮ್ ಪತ್ರೆ ಬೀಳೋಗಂಟ ಮಣ್ಣಾಕ್ಸಲ್ಲ."

ಬಸವೇಶನನ್ನು ನಿಂಬೆಹಣ್ಣುಗಳ ಕಾವಲಿಗೆ ಬಿಟ್ಟು, ಗಂಡ ಹೆಂಡತಿ ಲಗೇಜ್ ಆಟೋದಲ್ಲಿ ಶುಂಠಿ ಮೂಟೆಗಳ ಮೇಲೆ ಕುಳಿತು ಅರಕಲಗೂಡು ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಹೊತ್ತಾಯಿತೆಂದು ಅಯ್ಯನವರು ಗೊಣಗುತ್ತಿದ್ದರೂ ಭವ್ಯಶ್ರೀ ಮಣ್ಣಿನ ಗುಡ್ಡೆಗೆ ಅಡ್ಡ ನಿಂತಿದ್ದಳು. ಸಿದ್ದೇಶ್ವರ ವಿಭೂತಿ ಧರಿಸಿ ಸಮಾಧಿಯಲ್ಲಿ ಕುಳಿತಿದ್ದ. ಎಷ್ಟು ತೊಳೆದಿದ್ದರೂ ಅವನ ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗಿರಲಿಲ್ಲ.

ಪಾಲಾಕ್ಷಪ್ಪನವರು ಆ ಉಗುರುಗಳನ್ನು ನೋಡುತ್ತ ನಿಂತರು. ಆಮೇಲೆ ಬಾಡಿದ ಪತ್ರೆಯನ್ನು ಅವನ ತಲೆಯ ಮೇಲಿಟ್ಟರು. "ನಾಳೇನೇ ಬಿಚ್ಚಿಸ್ತೀನಿ ಕಣ್ಲಾ. ಕೆರೆಗೂ ಇಳ್ಸಲ್ಲ," ಎಂದು ಕಣ್ಣು ಮುಚ್ಚಿ ಕೈಮುಗಿದರು.

"ಶಿವನೇ, ಕಂಡೋರ ಚಕ್ರದ ನರಳಾಟ ಕೇಳಿ ಕೇಳಿ ಇವನ ಕಿವಿ ದಣಿದವೆ. ಯಾವ ಸದ್ದೂ ಇಲ್ಲದ ಕಡೆ ಕೂರಿಸ್ಕೊ. ನಿನ್ನ ಪಾದದಲ್ಲಿ ನನ್ನ ಸಿದ್ದನಿಗೆ ಶಾಂತಿ ಕೊಡು, ತಂದೆ."